ಥರ್ಮಾಕೋಲ್ ಹಿಡಿದು ನಿಂತವನು

ಅಣ್ಣ ತೀರಿಕೊಂಡ ಮರುದಿನ ಮನೆಯಲ್ಲಿ ಎಲ್ಲರೂ ಸೇರಿ ಹುಡುಕಿದ್ದು ಅವನದೊಂದು ಫೋಟೋ. ತಮ್ಮನೇನು ಸಾಮಾನ್ಯ ಫೋಟೋಗ್ರಾಫರ್ ಅಲ್ಲ. ಫುಟ್‌ಬಾಲ್ ಪತ್ರಿಕೆಯೊಂದಕ್ಕೆ ಆಟಗಾರರ ಮುಖ ತೆಗೆಯುವವನು. ಕ್ಷೌರದಂಗಡಿಯ ಕನ್ನಡಿಯ ಮೇಲೆ, ಹಾಸ್ಟೆಲ್ ಹುಡುಗರ ಮಂಚದ ತಲೆದೆಸೆಯಲ್ಲಿ, ಹುಡುಗಿಯರ ಕಪಾಟಿನ ಬಾಗಿಲ ಒಳಬದಿಯಲ್ಲಿ, ಎಲ್ಲಿ ನೋಡಿದರೂ ಅವನು ತೆಗೆದ ಮುಖಗಳೇ. ಅಂಥವನ ಒಡಹುಟ್ಟಿದ ಅಣ್ಣನದು, ಅದೂ ದಿನಾ ಅವನ ಜೊತೆಗೇ ಕೆಲಸಕ್ಕೆ ಹೋಗಿಬರುತ್ತಿದ್ದ ಅಣ್ಣನದು, ನೆಟ್ಟಗೆ ಒಂದು ಫೋಟೋ ಇಲ್ಲ ಎಂದರೆ ಯಾರು ನಂಬುತ್ತಾರೆ? ಬಂದವರು ನಂಬಲಿಲ್ಲ. ಅತ್ತಿಗೆಯಂತೂ ನಂಬಲೇ ಇಲ್ಲ.

"ಇರತ್ತೆ ಕಣಪ್ಪ, ಸರಿಯಾಗಿ ನೋಡು," ಎಂದಳು ಅತ್ತಿಗೆ. "ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ನಿಂತಿದ್ದಾರೆ. ಒಂದ್ಸಲನಾದ್ರೂ ನಿನ್ನ ಕ್ಯಾಮೆರಾ ಅವರ ಕಡೆ ತಿರುಗಿರಲ್ವಾ?"

ತಿರುಗಿತ್ತು. ದಿನಾ ತಿರುಗಿತ್ತು. ಅದನ್ನು ಅತ್ತಿಗೆಗೆ ಯಾವ ಬಾಯಲ್ಲಿ ಹೇಳುವುದೆಂದು ತಿಳಿಯದೆ ತಮ್ಮ, "ನೋಡ್ತೀನಿ ಅತ್ತಿಗೆ," ಎಂದಷ್ಟೇ ಹೇಳಿ ಹೊರಬಿದ್ದ.

ಹಾಗಂತ ಫೋಟೋಗಳೇ ಇರಲಿಲ್ಲ ಅಂತಲ್ಲ. ಗುರುತಿನ ಚೀಟಿಯಲ್ಲಿ ಒಂದಿತ್ತು. ಅದರಲ್ಲಿ ಅಣ್ಣ ಈಗಷ್ಟೇ ಸಿಕ್ಕಿಬಿದ್ದ ಕಳ್ಳನ ಥರ ಕಣ್ಣು ಬಿಟ್ಟಿದ್ದ. ಅತ್ತಿಗೆಯ ಫೋನಿನಲ್ಲಿ ಅವನ ಬೆನ್ನು ಇತ್ತು, ಅರ್ಧ ಕಿವಿ ಇತ್ತು, ಸೋಫಾ ಮೇಲೆ ಬಾಯಿ ತೆರೆದು ಮಲಗಿದ್ದೊಂದಿತ್ತು. ಹಳೆಯ ತಂಡದ ಗುಂಪು ಚಿತ್ರದಲ್ಲಿ ಮುಂದಿನವನು ಎತ್ತಿ ಹಿಡಿದ ಕಪ್ಪಿನ ಹಿಂದೆ ಅಣ್ಣನ ಮುಖ ಪೂರಾ ಮುಚ್ಚಿಹೋಗಿ, ಗ್ಲೌಸು ತೊಟ್ಟ ಎರಡು ಕೈ ಮಾತ್ರ ಕಾಣುತ್ತಿದ್ದವು. ಮದುವೆಯ ಆಲ್ಬಂ ತೆಗೆದರೆ ಅದರೊಳಗೆ ಯಾವನೋ ಮೀಸೆ ಚಿಗುರುತ್ತಿದ್ದ ಕಡ್ಡಿ ಪೈಲ್ವಾನ್ ನಿಂತಿದ್ದ.

"ಇವರು ನಾನು ಮದುವೆ ಆದವರು," ಎಂದು ಅತ್ತಿಗೆ ಆಲ್ಬಂ ಮುಚ್ಚಿಟ್ಟಿದ್ದಳು. "ನನ್ನ ಜೊತೆ ಬಾಳಿದವರು ಬೇಕು ನನಗೆ. ಮೊನ್ನೆ ಮೊನ್ನೆವರೆಗೂ ಇದ್ರಲ್ಲ, ಆ ಮುಖ. ಗೋಡೆ ಮೇಲಾದ್ರೂ ಇರ್ಲಿ."

ಅಣ್ಣ ಒಂದು ಕಾಲಕ್ಕೆ ಗೋಲ್‌ಕೀಪರ್ ಆಗಿದ್ದವನು. ಅವನಿಗೆ 'ಬಾಗಿಲು' ಅಂತ ಅಡ್ಡಹೆಸರು. ಯಾವ ಬಾಗಿಲು ಎಂದು ಕೇಳಿದರೆ ಅವನ ಕಡೆಯವರು ಮುಚ್ಚಿದ್ದು ಎನ್ನುತ್ತಿದ್ದರು, ಎದುರು ತಂಡದವರು ತೆರೆದದ್ದು ಎನ್ನುತ್ತಿದ್ದರು. ಅಣ್ಣ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಒಂದು ಪಂದ್ಯದಲ್ಲಿ ಚೆಂಡಿಗೆ ಹಾರಿ, ಚೆಂಡು ಸಿಗದೆ ಕಂಬ ಸಿಕ್ಕಿ, ಒಂದು ಹೆಗಲು ಕೀಲು ತಪ್ಪಿತು. ಮತ್ತೆ ಅದು ಮೊದಲಿನ ಜಾಗಕ್ಕೆ ಬರಲೇ ಇಲ್ಲ. ಆಮೇಲಿನ ಜೀವನವೆಲ್ಲ ಅವನು ಆ ಹೆಗಲನ್ನು ತುಸು ಇಳಿಬಿಟ್ಟುಕೊಂಡೇ ನಡೆದ. ಕೆಲಸಕ್ಕಿದ್ದ ಗೋದಾಮು ಮುಚ್ಚಿದ ಮೇಲೆ, "ಮನೇಲಿ ಕೂತು ನಿಮ್ಮತ್ತಿಗೆ ತಲೆ ತಿನ್ನೋ ಬದಲು ನಿನ್ನ ಸಾಮಾನು ಹೊರ್ತೀನಿ ಬಾ," ಎಂದು ತಾನಾಗಿಯೇ ತಮ್ಮನ ವ್ಯಾನು ಹತ್ತಿ ಕುಳಿತ. ಹತ್ತಿದವನು ಇಳಿಯಲಿಲ್ಲ.

ಆ ಕೆಲಸ ನೋಡುವವರಿಗೆ ಸಡಗರದ್ದು, ಮಾಡುವವರಿಗೆ ಕಾಯುವುದು. ಆಟಗಾರರು ಅಭ್ಯಾಸ ಮುಗಿಸಿ ಸ್ನಾನಕ್ಕೆ ಹೋಗುವ ನಡುವೆ ಬಂದು ಕೂರುತ್ತಾರೆ, ಬಂದರೆ. ಮೈದಾನದ ಕೆಳಗಿನ ಉದ್ದನೆಯ ಓಣಿಯಲ್ಲೋ, ಬೆವರು ಮತ್ತು ನೋವಿನ ಮುಲಾಮು ನಾರುವ ಬಟ್ಟೆ ಬದಲಿಸುವ ಕೋಣೆಯಲ್ಲೋ ಬೂದು ಪರದೆ ಕಟ್ಟಿ, ಮುಂದೊಂದು ಸ್ಟೂಲು ಹಾಕಿ, ಬೆಳಕನ್ನು ಮೆತ್ತಗಾಗಿಸುವ ಬಿಳಿ ಛತ್ರಿಯ ಲೈಟನ್ನು ತಮ್ಮ ನಿಲ್ಲಿಸುತ್ತಿದ್ದ. ಆಟಗಾರ ಬರುವ ತನಕ ಸ್ಟೂಲಿನ ಮೇಲೆ ಅಣ್ಣ. ಬೆಳಕು ಮೂಗಿನ ಯಾವ ಪಕ್ಕ ಬೀಳುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೋ ಎಂದು ನೋಡಲು ಯಾರದಾದರೂ ಮುಖ ಬೇಕಲ್ಲ? ಅಣ್ಣನ ಮುಖದ ಮೇಲೆ ತಮ್ಮ ಬೆಳಕು ಸರಿಮಾಡಿಕೊಂಡು, ಕ್ಲಿಕ್ ಮಾಡಿ, ನೋಡಿ, ಹೆಬ್ಬೆರಳಿನಿಂದ ಅಳಿಸಿಬಿಡುತ್ತಿದ್ದ. ಆಟಗಾರ ಬಂದ ಮೇಲೆ ಅಣ್ಣ ಎದ್ದು, ದೊಡ್ಡ ಬಿಳಿ ಥರ್ಮಾಕೋಲ್ ಹಲಗೆಯನ್ನು ಎದೆಗೆ ಹಿಡಿದು ಕ್ಯಾಮೆರಾದ ಪಕ್ಕ ನಿಲ್ಲುತ್ತಿದ್ದ. ಛತ್ರಿಯ ಬೆಳಕು ಅದಕ್ಕೆ ತಾಗಿ ಆಟಗಾರನ ಮುಖದ ಕತ್ತಲ ಬದಿಗೆ ಮೆಲ್ಲಗೆ ಹರಡುತ್ತಿತ್ತು.

"ಇದೊಂದು ಇಟ್ಕೊಳ್ಳೋ, ಚೆನ್ನಾಗಿ ಬಂದಿದೀನಿ," ಎಂದು ಸ್ಟೂಲಿನಿಂದ ಏಳುವಾಗ ಅಣ್ಣ ಹೇಳುವುದಿತ್ತು.

"ಮೂಗು ಅಡ್ಡ ಬಂದಿದೆ."

"ಮೂಗು ಅಪ್ಪಂದು ಕಣೋ. ಏನಿದ್ರೂ ಅವರನ್ನ ಕೇಳು."

"ಒಂದಿನ ಪುರುಸೊತ್ತಾಗಿ ಕೂರಿಸಿ ತೆಗೀತೀನಿ. ಈಗ ಸುಮ್ನಿರಣ್ಣ, ಆ ಮಹಾಶಯ ಬರೋ ಹೊತ್ತಾಯ್ತು."

ಆ ಪುರುಸೊತ್ತಿನ ದಿನ ಬರಲೇ ಇಲ್ಲ. ಬರದ ದಿನವನ್ನು ನಂಬಿಕೊಂಡು ತಮ್ಮ ನೆಮ್ಮದಿಯಾಗಿದ್ದ, ಅಷ್ಟೇ.

ಅವನ ಜಂಬವೂ ಸಣ್ಣದಲ್ಲ. ಒಬ್ಬ ಆಟಗಾರನದು ಒಂದೇ ಫೋಟೋ ಇಟ್ಟುಕೊಳ್ಳುವುದು, ಉಳಿದದ್ದನ್ನೆಲ್ಲ ಅಳಿಸುವುದು, ಇದು ಅವನ ಪದ್ಧತಿ. ಎರಡನೆಯದನ್ನು ಇಟ್ಟುಕೊಂಡವನಿಗೆ ಮೊದಲನೆಯದರ ಮೇಲೆ ನಂಬಿಕೆಯಿಲ್ಲ ಎಂದು ಪತ್ರಿಕೆಯ ಕಚೇರಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದ. ಇಟ್ಟುಕೊಂಡ ಆ ಒಂದರಲ್ಲೂ ಮೊದಲ ಕೆಲಸ ಕಣ್ಣು. ಹತ್ತಿರದಿಂದ ತೆಗೆದ ಮುಖದ ಕಣ್ಣಿನಲ್ಲಿ ಎದುರಿಗಿದ್ದದ್ದೆಲ್ಲ ಚಿಕ್ಕದಾಗಿ ಮೂಡಿರುತ್ತದೆ: ಛತ್ರಿ, ಕಿಟಕಿ, ಕ್ಯಾಮೆರಾ, ಪಕ್ಕದಲ್ಲಿ ನಿಂತವರು. ಕಂಪ್ಯೂಟರಿನಲ್ಲಿ ತಮ್ಮ ಆ ಕಣ್ಣನ್ನು ದೊಡ್ಡದು ಮಾಡಿಕೊಂಡು ಛತ್ರಿಯ ಬಿಳಿ ಚುಕ್ಕೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸುತ್ತಿದ್ದ. ಇವರ ಫೋಟೋದಲ್ಲಿ ಕಣ್ಣು ಮಾತಾಡುತ್ತೆ ಎಂದು ಓದುಗರು ಹೊಗಳುತ್ತಿದ್ದದ್ದು ಈ ತೊಳೆದಿಟ್ಟ ಕಣ್ಣುಗಳನ್ನೇ ಎಂದು ಅವನು ತಿಳಿದಿದ್ದ.

ಒಮ್ಮೆ ಅಣ್ಣ ಚಹಾದ ಲೋಟ ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತ. "ಏನೋ ಅಷ್ಟು ಹತ್ರ ಕೂತು ಮಾಡ್ತಿದೀಯ? ಕಣ್ಣು ಹೋದಾವು."

"ಕಸ ತೆಗೀತಿದೀನಿ."

ಅಣ್ಣ ಬಗ್ಗಿ ನೋಡಿದ. ಇನ್ನೂ ಬಗ್ಗಿ ನೋಡಿದ. "ಲೋ, ಅದು ಕಸ ಅಲ್ಲ ಕಣೋ, ನಾನು!"

"ಎರಡೂ ಒಂದೇ," ಎಂದ ತಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಚಹಾ ನೆಲಕ್ಕೆ ಚೆಲ್ಲಿತು. ತಮ್ಮನೂ ನಕ್ಕ. ನಗುತ್ತಲೇ ಒರೆಸಿದ. ಆಗ ಅದು ಇಬ್ಬರಿಗೂ ಒಳ್ಳೆಯ ತಮಾಷೆಯಾಗಿತ್ತು.

ಕೊನೆಯ ಸಲ ಹೋದದ್ದು 'ಪೆನಾಲ್ಟಿ'ಯ ಫೋಟೋ ತೆಗೆಯಲು. ಆ ಆಟಗಾರನಿಗೆ ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು, ಆದರೆ ಫೈನಲ್ ಪಂದ್ಯದ ಕೊನೆಯ ಪೆನಾಲ್ಟಿ ಒದೆತವನ್ನು ಅವನು ಗೋಲಿನ ಮೇಲಿನಿಂದ ಆಕಾಶಕ್ಕೆ ಕಳಿಸಿದ ಮೇಲೆ ಊರಿಗೆಲ್ಲ ಅವನು ಪೆನಾಲ್ಟಿಯೇ. ಬೀದಿಯಲ್ಲಿ ಹೋದರೆ ಚಿಳ್ಳೆಪಿಳ್ಳೆಗಳೂ ಹಾಗೇ ಕೂಗುತ್ತಿದ್ದವು. ಪತ್ರಿಕೆಯವರು ಮುಖಪುಟಕ್ಕೆ ಅವನನ್ನೇ ಬಯಸಿದ್ದರು. ಬಂದ, ಸ್ಟೂಲಿನ ಮೇಲೆ ಕುಳಿತ, ತಲೆ ತಗ್ಗಿಸಿ ತನ್ನ ಬೂಟು ನೋಡುತ್ತಲೇ ಇದ್ದ.

"ಗದ್ದ ಸ್ವಲ್ಪ ಮೇಲೆ. ಇಲ್ನೋಡಿ. ಇಲ್ಲಿ, ಇಲ್ಲಿ," ಎಂದ ತಮ್ಮ. ಗದ್ದವೇನೋ ಮೇಲೆ ಬಂತು, ಮುಖ ಮಾತ್ರ ಬಾಗಿಲೆಳೆದ ಅಂಗಡಿಯಂತಿತ್ತು. ತನಗೆ ಗೊತ್ತಿದ್ದ ಚಮಕುಗಳನ್ನೆಲ್ಲ ತಮ್ಮ ಪ್ರಯೋಗಿಸಿದ. ಏನೂ ಗಿಟ್ಟಲಿಲ್ಲ. ಬೇಸತ್ತು ಅವನು ಲೈಟಿನ ಗುಂಡಿ ತಿರುಗಿಸಲು ಬಗ್ಗಿದ್ದಾಗ ಅಣ್ಣ ಥರ್ಮಾಕೋಲ್ ಸಮೇತ ಒಂದು ಹೆಜ್ಜೆ ಮುಂದೆ ಹೋಗಿ ಆಟಗಾರನಿಗೆ ಮೆಲ್ಲಗೆ ಏನೋ ಹೇಳಿದ. ತಮ್ಮ ತಲೆಯೆತ್ತುವಷ್ಟರಲ್ಲಿ ಪೆನಾಲ್ಟಿಯ ಮುಖ ತೆರೆದುಕೊಂಡಿತ್ತು. ನಗುವೂ ಅಲ್ಲ, ಅಳುವೂ ಅಲ್ಲ, ಬಹಳ ದಿನದ ಮೇಲೆ ಯಾರೋ ಮನುಷ್ಯರು ಸಿಕ್ಕಿದರು ಎಂಬಂಥ ಮುಖ. ತಮ್ಮ ಒತ್ತಿದ. ಅದೊಂದೇ ಸಾಕಾಯಿತು.

"ಏನ್ ಹೇಳ್ದೆ ಅವನಿಗೆ?" ಎಂದು ವ್ಯಾನಿನಲ್ಲಿ ಬರುವಾಗ ಕೇಳಿದ.

"ಅದು ಆಟಗಾರರ ನಡುವಿನ ಮಾತು," ಎಂದ ಅಣ್ಣ. "ನೀನು ಬೆಂಚಲ್ಲೂ ಕೂತವನಲ್ಲ, ನಿನಗ್ಯಾಕೆ?"

ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟ ತಮ್ಮ, ಅಣ್ಣನ ಮನೆಯ ಮುಂದೆ ವ್ಯಾನು ನಿಲ್ಲಿಸಿ ಹಾರ್ನ್ ಹೊಡೆದ. ಅಣ್ಣ ಬರಲಿಲ್ಲ. ಇವನಿಗೆ ಸಿಟ್ಟು ಬಂದು ಇನ್ನೊಮ್ಮೆ ಉದ್ದಕ್ಕೆ ಹೊಡೆದ. ಒಳಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಶೂ ದಾರ ಕಟ್ಟಲು ಬಗ್ಗಿದ್ದ ಅಣ್ಣ ಮತ್ತೆ ಮೇಲೆ ಏಳಲಿಲ್ಲ. ಒಂದು ಕಾಲಿನ ಶೂ ಕಟ್ಟಿತ್ತು, ಇನ್ನೊಂದರ ದಾರ ನೆಲಕ್ಕೆ ಬಿದ್ದಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ಆ ಎರಡನೇ ಹಾರ್ನು ತಮ್ಮನ ಕಿವಿಯಿಂದ ಈಗಲೂ ಹೋಗಿಲ್ಲ.

ಅತ್ತಿಗೆಯ ಮಾತಿಗೆ ತಮ್ಮ ತನ್ನ ಕೋಣೆಗೆ ಬಂದು ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ತೆರೆದ. ಹಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದ. ಗೋಲು ಹೊಡೆದವರು, ಗೋಲು ಬಿಟ್ಟವರು, ಕಾಲು ಮುರಿದುಕೊಂಡವರು, ತಂಡ ಬದಲಿಸಿದವರು, ಹೆಸರೇ ಮರೆತುಹೋದವರು. ಒಬ್ಬೊಬ್ಬರದು ಒಂದೊಂದು. ಎಲ್ಲರ ಕಣ್ಣೂ ತೊಳೆದು ಆರಿಸಿಟ್ಟ ಹಾಗೆ ಶುಭ್ರ. ಅಣ್ಣ ಎಲ್ಲೂ ಇರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಲೆಕ್ಕವಿಲ್ಲದಷ್ಟು ಸಲ ತೆಗೆಸಿಕೊಂಡವನು ಒಂದರಲ್ಲೂ ಇರಲಿಲ್ಲ. ತಮ್ಮ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡ. ಅದನ್ನು ಕಂಡರೆ ಅವನಿಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ಸಂಪಾದಕಿಯ ಫೋನು. ಪಾಪ, ಆಕೆಗೂ ಕೇಳಲು ಸಂಕಟ. "ಇಂಥ ಹೊತ್ತಲ್ಲಿ ಕೇಳಬಾರದು, ಗೊತ್ತು. ಆದ್ರೆ ಮುಖಪುಟ ಖಾಲಿ ಬಿದ್ದಿದೆ. ಆ ಹುಡುಗನ ಫೋಟೋ ಹೇಗಿದೆಯೋ ಹಾಗೇ ಕಳಿಸಿಬಿಡಿ, ಉಳಿದದ್ದು ನಾವು ನೋಡ್ಕೋತೀವಿ."

"ಬೇಡ ಮೇಡಂ, ನಾನೇ ಮಾಡಿ ಕಳಿಸ್ತೀನಿ," ಎಂದ. ದುಃಖದಲ್ಲೂ ಜಂಬ ಬಿಡಲಿಲ್ಲ ನೋಡಿ.

ಕ್ಯಾಮೆರಾ ಚೀಲ ಅಂದಿನಿಂದ ಮೂಲೆಯಲ್ಲೇ ಬಿದ್ದಿತ್ತು. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದಾಗ, ಅಣ್ಣ ಸ್ಟೂಲಿನ ಮೇಲೆ ಕೂತದ್ದು ಮರೆತು ಎಲ್ಲಾದರೂ ಉಳಿದಿದ್ದೀತೇ ಎಂದು ಒಂದು ಆಸೆ. ಇರಲಿಲ್ಲ. ಇದ್ದದ್ದು ಪೆನಾಲ್ಟಿಯದೊಂದೇ. ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬೀಳದಂತೆ ಕಿಟಕಿಗೆ ಹಳೆಯ ಟವೆಲ್ ಸಿಕ್ಕಿಸಿ, ಅಭ್ಯಾಸಬಲದಿಂದ ಕಣ್ಣನ್ನು ದೊಡ್ಡದು ಮಾಡಿದ. ಅಭ್ಯಾಸಬಲದಿಂದಲೇ ಒರೆಸುವ ಕುಂಚ ಕೈಗೆ ಬಂತು.

ಛತ್ರಿಯ ಬಿಳಿ ಚುಕ್ಕೆ. ಅದರ ಪಕ್ಕ ಬಿಳಿಯ ಚೌಕ, ಥರ್ಮಾಕೋಲ್. ಅದರ ಮೇಲೆ ಒಂದು ತಲೆ. ಒಂದು ಹೆಗಲು ಕೆಳಗೆ.

ಕೈ ನಿಂತಿತು. ತಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮತ್ತೆ ಕುಳಿತು, "ಅಣ್ಣಾ," ಎಂದ. ಮುಖ ನಿಚ್ಚಳವಾಗಿರಲಿಲ್ಲ. ಕಣ್ಣಿದ್ದ ಕಡೆ ಎರಡು ಕಪ್ಪು, ಬಾಯಿದ್ದ ಕಡೆ ಒಂದಿಷ್ಟು ಬಿಳುಪು. ಅಣ್ಣ ಹಲ್ಲು ಬಿಟ್ಟು ಏನೋ ಹೇಳುತ್ತಿದ್ದ. ಆಗ ತಮ್ಮನಿಗೆ ಇನ್ನೊಂದೂ ಕಂಡಿತು: ಪೆನಾಲ್ಟಿ ಕ್ಯಾಮೆರಾ ನೋಡುತ್ತಿರಲಿಲ್ಲ. ಕ್ಯಾಮೆರಾಕ್ಕೆ ಕೂದಲೆಳೆಯಷ್ಟು ಪಕ್ಕಕ್ಕೆ, ಅಣ್ಣನನ್ನು ನೋಡುತ್ತಿದ್ದ. ಹಳೆಯವನ್ನು ಒಂದೊಂದಾಗಿ ಮತ್ತೆ ತೆರೆದು ನೋಡಿದ. ಆ ಮುಂಗೋಪಿ ನಾಯಕ, ಆ ನಾಚಿಕೆಯ ಗೋಲ್‌ಕೀಪರ್, ಮದುವೆ ಮುರಿದ ವಾರವೇ ಬಂದು ಕೂತಿದ್ದ ಆ ಮುದಿ ಡಿಫೆಂಡರ್. ಎಲ್ಲರೂ ಕೂದಲೆಳೆಯಷ್ಟು ಪಕ್ಕಕ್ಕೇ ನೋಡುತ್ತಿದ್ದರು. ಮಾತಾಡುತ್ತಿದ್ದ ಕಣ್ಣುಗಳು ಇಷ್ಟು ವರ್ಷ ಮಾತಾಡಿದ್ದು ಅಣ್ಣನ ಜೊತೆ. ಅವರು ಯಾರ ಜೊತೆ ಮಾತಾಡುತ್ತಿದ್ದರೋ ಅವನನ್ನು ತಮ್ಮ ಕೂತು ಕೂತು, ಕಸ ಎಂದುಕೊಂಡು, ಒಬ್ಬೊಬ್ಬರ ಕಣ್ಣಿನಿಂದಲೂ ಒರೆಸಿ ಹಾಕಿದ್ದ. ಅವನು ಮೇಜಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತ. ಹೆಣದ ಮುಂದೆಯೂ ಅವನಿಗೆ ಅಷ್ಟು ಅಳು ಬಂದಿರಲಿಲ್ಲ.

ಸಂಜೆಗೆ ಎರಡು ಹಾಳೆ ಮುದ್ರಿಸಿಕೊಂಡು ಅತ್ತಿಗೆಯ ಹತ್ತಿರ ಹೋದ. ಒಂದರಲ್ಲಿ ಕಣ್ಣೊಳಗಿನ ಅಣ್ಣನನ್ನು ಎಷ್ಟು ಹಿಗ್ಗಿಸಲು ಬರುತ್ತದೋ ಅಷ್ಟು ಹಿಗ್ಗಿಸಿದ್ದ. ಇನ್ನೊಂದು ಪೆನಾಲ್ಟಿಯ ಪೂರ್ತಿ ಮುಖ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದಳು. ಅಣ್ಣನ ಶೂಗಳನ್ನು ಯಾರೋ ಜೋಡಿಸಿ ಗೋಡೆ ಬದಿಗೆ ಇಟ್ಟಿದ್ದರು.

"ಇಷ್ಟೇ ಸಿಕ್ಕಿದ್ದು, ಅತ್ತಿಗೆ," ಎಂದು ಮೊದಲನೆಯದನ್ನು ಕೊಟ್ಟ. "ಉಳಿದದ್ದೆಲ್ಲ ನಾನೇ ಅಳಿಸಿದೀನಿ."

ಬಯ್ಯುತ್ತಾಳೆ ಎಂದುಕೊಂಡಿದ್ದ. ಬಯ್ದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಬರೀ ಬೂದು ಬೂದು ಚುಕ್ಕೆ. ಆಮೇಲೆ ಅವಳ ಬೆರಳು ನೇರ ಆ ಇಳಿಬಿದ್ದ ಹೆಗಲಿಗೆ ಹೋಯಿತು.

"ಇವರೇ," ಎಂದಳು. "ಇದೆಲ್ಲಿ ನಿಂತಿದಾರೆ?"

ತಮ್ಮ ಎರಡನೆಯ ಹಾಳೆ ಕೊಟ್ಟು, ಕಣ್ಣಿನ ಮೇಲೆ ಉಗುರಿಟ್ಟು ತೋರಿಸಿದ. ಅತ್ತಿಗೆ ಮೊದಲನೆಯದನ್ನು ಪಕ್ಕಕ್ಕಿಟ್ಟು ಆ ಗುರುತಿಲ್ಲದ ಹುಡುಗನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಇವನಿಗೆ ಏನೋ ಹೇಳಿದಾರೆ ಕಣಪ್ಪ. ನನಗೆ ಜ್ವರ ಬಂದಾಗ ಏನೇನೋ ಹೇಳಿ ನಗಿಸೋರಲ್ಲ, ಆಗ ಕನ್ನಡಿ ನೋಡ್ಕೊಂಡ್ರೆ ನನ್ನ ಮುಖ ಹೀಗೇ ಇರ್ತಿತ್ತು. ಏನ್ ಹೇಳಿದ್ರು?"

"ನನಗೆ ಕೇಳಿಸಲಿಲ್ಲ ಅತ್ತಿಗೆ."

"ಇವನಿಗೆ ಕೇಳಿಸಿರತ್ತಲ್ಲ, ಕೇಳು."

ತಮ್ಮ ಅಲ್ಲೇ ಪೆನಾಲ್ಟಿಗೆ ಫೋನು ಮಾಡಿದ. ಅಣ್ಣ ಹೋದ ವಿಷಯ ಅವನಿಗೆ ಗೊತ್ತಿರಲಿಲ್ಲ. ತಮ್ಮ ಅದನ್ನು ತಿಳಿಸಿ, ಅಣ್ಣ ಅಂದು ಹೇಳಿದ್ದೇನೆಂದು ಕೇಳಿ, ಉತ್ತರ ಅತ್ತಿಗೆಗೂ ಕೇಳುವಂತೆ ಫೋನನ್ನು ನಡುವೆ ಹಿಡಿದ.

"ಅಂಕಲ್ ಹೇಳಿದ್ರು, ನಾನು ಗೋಲ್‌ಕೀಪರ್ ಆಗಿದ್ದೆ ಕಣಯ್ಯಾ, ನನಗೆ ಎದುರಾದವರೆಲ್ಲ ನೆಟ್ಟಗೆ ಗೋಲಿಗೇ ಹೊಡೆದ್ರು. ನಿನ್ನಂಥ ಪುಣ್ಯಾತ್ಮ ಒಬ್ಬ ಸಿಕ್ಕಿದ್ರೆ ನಾನೂ ದೊಡ್ಡ ಮನುಷ್ಯ ಆಗ್ತಿದ್ದೆ, ಅಂತ," ಎಂದ ಆ ಹುಡುಗ. "ಆ ಪಂದ್ಯ ಆದ್ಮೇಲೆ ಅದರ ಬಗ್ಗೆ ನನ್ನ ಮುಖಕ್ಕೇ ತಮಾಷೆ ಮಾಡಿದವರು ಅವರೊಬ್ರೇ ಸರ್. ಉಳಿದವರೆಲ್ಲ ಬೆನ್ನ ಹಿಂದೆ."

ಅತ್ತಿಗೆಗೆ ನಗು ಬಂತು. ಅಣ್ಣ ಹೋದ ಮೇಲೆ ಮೊದಲ ಸಲ. ನಗು ಅರ್ಧಕ್ಕೇ ಅಳುವಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಗೋಡೆಗೆ ಒರಗಿದಳು. ಸಮಾಧಾನ ಮಾಡಲು ತಮ್ಮನಿಗೆ ಒಂದು ಮಾತೂ ಹೊಳೆಯಲಿಲ್ಲ. ಅಂಥ ಮಾತು ಹೊಳೆಯುತ್ತಿದ್ದದ್ದು ಅಣ್ಣನಿಗೆ.

"ಇದನ್ನೇ ಹಾಕ್ಸು," ಎಂದಳು ಕೊನೆಗೆ, ಆಟಗಾರನ ಮುಖ ತೋರಿಸಿ.

"ಅತ್ತಿಗೆ, ಇವನ್ಯಾರೋ... ಗೋಡೆ ಮೇಲೆ..."

"ಆ ಚುಕ್ಕೆಗಳನ್ನ ನೋಡ್ತಾ ಕೂತ್ರೆ ಅವರ ಮುಖ ನನಗೇ ಮರೆತುಹೋಗತ್ತೆ. ಇದರಲ್ಲಿ ಅವರಿದಾರೆ. ಇದನ್ನೇ ಹಾಕ್ಸು."

ಮುಖಪುಟಕ್ಕೂ ಅದೇ ಹೋಯಿತು. ಸಂಪಾದಕಿ ಫೋನು ಮಾಡಿ, "ಕಣ್ಣಲ್ಲಿ ಯಾರೋ ಉಳ್ಕೊಂಡಿದಾರೆ, ಮರೆತ್ರಾ?" ಎಂದು ಕೇಳಿದಳು. "ಮರೆತಿಲ್ಲ ಮೇಡಂ. ಹಾಗೇ ಇರ್ಲಿ," ಎಂದ ತಮ್ಮ.

ಈಗ ಅಣ್ಣನ ಮನೆಯ ಮುಂದಿನ ಕೋಣೆಗೆ ಹೋದವರಿಗೆ ಎದುರಿಗೇ ಕಾಣುವುದು ಚೌಕಟ್ಟಿನೊಳಗೆ ಕೂತ ಪೆನಾಲ್ಟಿ. ಮಕ್ಕಳಿಲ್ಲದ ಮನೆ ಎಂದು ತಿಳಿಯದವರು, "ಮಗನಾ?" ಎಂದು ಕೇಳುತ್ತಾರೆ. ತಿಳಿದವರು ಕೇಳಲು ಹಿಂಜರಿಯುತ್ತಾರೆ. "ಯಾರೋ ಆಟಗಾರ," ಎನ್ನುತ್ತಾಳೆ ಅತ್ತಿಗೆ. "ನಮ್ಮವರನ್ನ ನೋಡ್ತಿದಾನೆ." ಹಾಗೆಂದು ಚಹಾ ತರಲು ಒಳಗೆ ಹೋಗುತ್ತಾಳೆ.

ತಮ್ಮ ಮತ್ತೆ ಕೆಲಸಕ್ಕೆ ಹೊರಟದ್ದು ಅದಾಗಿ ಕೆಲವು ವಾರಗಳ ಮೇಲೆ. ಅದೇ ಮೈದಾನದ ಕೆಳಗಿನ ಓಣಿ, ಅದೇ ಬೂದು ಪರದೆ. ಖಾಲಿ ಸ್ಟೂಲಿನ ಮೇಲೆ ಅಂದಾಜಿನಲ್ಲಿ ಬೆಳಕು ಹೊಂದಿಸಿಕೊಂಡ. ಥರ್ಮಾಕೋಲ್ ಹಿಡಿಯಲು ಯಾರೂ ಇಲ್ಲದ್ದರಿಂದ ಅದನ್ನು ಒಂದು ಕುರ್ಚಿಗೆ ಒರಗಿಸಿದ. ಆಟಗಾರ ಸಮಯಕ್ಕೆ ಸರಿಯಾಗಿ ಬಂದ, ಹೇಳಿದಂತೆ ಕೂತ, ಹೇಳಿದ ಕಡೆ ನೋಡಿದ. ಎಲ್ಲ ಬೇಗ ಮುಗಿಯಿತು.

ಮನೆಗೆ ಬಂದ ತಮ್ಮ, ಫೋಟೋ ತೆರೆದು ಆಟಗಾರನ ಕಣ್ಣನ್ನು ದೊಡ್ಡದು ಮಾಡಿದ. ಛತ್ರಿ ಇತ್ತು, ಕುರ್ಚಿ ಇತ್ತು, ಕುರ್ಚಿಗೆ ಒರಗಿದ ಬಿಳಿ ಹಲಗೆ ಇತ್ತು. ಇನ್ನೂ ದೊಡ್ಡದು ಮಾಡಿದ. ಒರೆಸುವಂಥದ್ದು ಏನೂ ಇರಲಿಲ್ಲ.